2019: ಜವಾಬು ಬೇಡುವ ಆರು ಆಲ್ಬಮ್‌ಗಳು

ವರ್ಷದ ಕೊನೆಗೆ ಇಷ್ಟದ ಆಲ್ಬಮ್‌ಗಳ ಪಟ್ಟಿ ಮಾಡುವುದು ನನ್ನ ಹಳೆಯ ಚಟ. ಯಾರೂ ಕೇಳಿರುವುದಿಲ್ಲ, ಆದರೂ ಮಾಡ್ತೀನಿ. ಕಾಗವಾಡ ತಾಲೂಕಿನ ನದಿ ದಂಡೆಯ ಊರು ನಮ್ಮದು, ನೌಕರಿ ಮಿರಜದಲ್ಲಿ. ಬೆಳಿಗ್ಗೆ ಉಗಾರದಲ್ಲಿ ಪ್ಯಾಸೆಂಜರ್ ಹತ್ತಿ ಕಿಟಕಿ ಹಿಡಿದು ಕೂತರೆ, ಮಿರಜ ಬರುವುದರೊಳಗೆ ಒಂದು ಪಂಕ್ ಆಲ್ಬಮ್ ಪೂರಾ ಮುಗೀತದೆ. ಪಂಕ್ ನನಗೆ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ ಅನ್ನಿ. ಮೂರು ಕಾರ್ಡ್, ಎರಡೂವರೆ ನಿಮಿಷ, ಹೇಳಬೇಕಾದ್ದು ಹೇಳಿ ಎದ್ದು ಹೋಗುವುದು.

ಆದರೆ ಈ ವರ್ಷ ಪಟ್ಟಿ ಮಾಡಲು ಕೈ ಬರಲಿಲ್ಲ. ಮೇ ತಿಂಗಳಲ್ಲಿ ಕೃಷ್ಣಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರು. ಕೊಯ್ನಾದಿಂದ ಕುಡಿಯುವ ನೀರಾದರೂ ಬಿಡಿಸ್ರಿ ಅಂತ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರೆಲ್ಲ ಕೂಗಿದ್ದಾಯ್ತು. ಆಗಸ್ಟ್‌ನಲ್ಲಿ ಅದೇ ನದಿ ಮನೆಯೊಳಗೇ ಬಂತು. ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿ ಹತ್ತಿ ನಿಪ್ಪಾಣಿ ಕಡೆಯ ಸಂಚಾರ ನಿಂತಿತು. ಇತ್ತ ಕುಡಚಿ–ಉಗಾರ ಸೇತುವೆ ಮುಳುಗಿತು. ನೀರು ಇಳಿದು ಗೋಡೆಯ ಗೆರೆ ಇನ್ನೂ ಆರಿರಲಿಲ್ಲ, ಅಥಣಿ ಮತ್ತು ಕಾಗವಾಡಕ್ಕೆ ಉಪಚುನಾವಣೆ ಬಂತು. ಡಿಸೆಂಬರ್ 5ರ ಮತದಾನದ ತನಕ ಟೆಂಪೋ ಮೇಲಿನ ಸ್ಪೀಕರ್‌ಗಳದೇ ಸಂಗೀತ. ಇಂಥ ವರ್ಷದಲ್ಲಿ ಕೂತು ‘ಈ ಆಲ್ಬಮ್‌ನ ಗಿಟಾರ್ ಬಹಳ ಚೆಂದ’ ಅಂತ ಬರೆಯಲು ನಾಚಿಕೆ ಆಗ್ತದೆ. ಬೇರೆ ಏನಾದರೂ ಅಳತೆ ಬೇಕಿತ್ತು.

ಅಳತೆ ಕೊಟ್ಟವಳು ನಮ್ಮ ಓಣಿಯ ದೊಡ್ಡವ್ವ. ಗೀಗೀ ಪದದಲ್ಲಿ ಹರದೇಶಿ–ನಾಗೇಶಿ ಅಂತ ಎರಡು ಪಂಗಡ ಇರುವುದು ಈ ಭಾಗದವರಿಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಅಂತ ಹಾಡ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅಂತ ಹಾಡ್ತಾರೆ. ತುರಾಯಿ–ಕಲ್ಗಿ ಅನ್ನುವುದೂ ಇದೇ ಜಗಳಕ್ಕೆ. ಜಾತ್ರೆಯಲ್ಲಿ ಎರಡೂ ಮೇಳ ಎದುರುಬದುರು ನಿಂತು, ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ದಪ್ಪು, ತುಂತುಣಿ, ತಾಳ, ಇಷ್ಟೇ ವಾದ್ಯ. ಬೆಳಗಿನ ತನಕ ನಡೀತದೆ. ದೊಡ್ಡವ್ವ ನಾಗೇಶಿಯವಳು. ಈಗ ಹಾಡುವುದು ಬಿಟ್ಟು ಬಹಳ ವರ್ಷ ಆಯ್ತು.

ಪ್ರವಾಹದಲ್ಲಿ ನಾವೆಲ್ಲ ಹತ್ತು ದಿನ ಸಾಲಿಯ ಗಂಜಿ ಕೇಂದ್ರದಲ್ಲಿದ್ದೆವು. ಒಂದು ರಾತ್ರಿ ಕರೆಂಟಿಲ್ಲ, ಮಕ್ಕಳು ಅಳ್ತಿದ್ದವು, ಯಾರೋ ದೊಡ್ಡವ್ವನಿಗೆ ಒಂದು ಪದ ಹಾಡು ಅಂದರು. ನಾನು ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಚಾರ್ಜ್ ಮಾಡಿದ್ದ ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ತಯಾರಾದೆ. ಅವಳು ಒಲ್ಲೆ ಅಂದಳು.

“ನಾ ಸವಾಲ ಹಾಕ್ತೀನಿ, ಜವಾಬ ಕೊಡಾವ್ರು ಯಾರದಾರ ಇಲ್ಲೆ? ಎದುರಿನ ಮ್ಯಾಳಾ ಇಲ್ದ ಹಾಡಿದ್ರ ಅದು ಹಾಡಲ್ಲೋ ತಮ್ಮಾ, ಬರೇ ಒದರ್ಯಾಟ.”

ಮೊಬೈಲ್ ಒಳಗಿಟ್ಟೆ. ಆದರೆ ಆ ಮಾತು ಕಿವಿಯಲ್ಲಿ ಉಳೀತು. ಆಮೇಲೆ ಟ್ರೇನಿನಲ್ಲಿ ಯಾವ ಆಲ್ಬಮ್ ಕೇಳಿದರೂ ಇದೇ ಪ್ರಶ್ನೆ: ಇದು ಸವಾಲೋ, ಒದರ್ಯಾಟವೋ? ಎದುರಿನವನಿಗೆ ಇದರಲ್ಲಿ ಜಾಗ ಇದೆಯೋ ಇಲ್ಲವೋ? ಈ ಸಲದ ಪಟ್ಟಿ ಆ ಅಳತೆಯದು.

ಪರ್ವಾಜ್, ‘ಕುನ್’. ಬೆಂಗಳೂರಿನ ಬ್ಯಾಂಡ್, ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. ಗಾಯಕ ಖಾಲಿದ್ ಅಹಮದ್, ಗಿಟಾರಿನ ಕಾಶಿಫ್ ಇಕ್ಬಾಲ್ ಇಬ್ಬರೂ ಕಾಶ್ಮೀರದವರು. ‘ಕುನ್’ ಅಂದರೆ ‘ಆಗು’. ಅಕ್ಟೋಬರ್‌ನಲ್ಲಿ ಬಂತು. ನಮ್ಮ ಮೊಬೈಲ್‌ಗಳು ಸತ್ತ ಅದೇ ಆಗಸ್ಟ್ ವಾರದಲ್ಲಿ ಕಾಶ್ಮೀರದ ಫೋನುಗಳೂ ಬಂದ್ ಆದವು. ನಮ್ಮದು ಕೆಲವು ದಿನದ್ದು, ನೀರು ಮಾಡಿದ್ದು. ಅವರದು ತಿಂಗಳುಗಟ್ಟಲೆ, ಮನುಷ್ಯರು ಮಾಡಿದ್ದು. ಹಾಡುಗಳು ಅದರ ಬಗ್ಗೆ ಅಲ್ಲ, ಆದರೂ ಊರಿಂದ ದೂರ ಇರುವವನ ದನಿ ಅದು ಅಂತ ಕೇಳಿದ ಕೂಡಲೇ ತಿಳೀತದೆ. ಗಿಟಾರ್ ನಿಧಾನಕ್ಕೆ ಏರಿ ಗುಡ್ಡದ ಹಾಗೆ ನಿಲ್ತದೆ. ತಕರಾರು ಒಂದೇ: ಎಲ್ಲವೂ ಬಹಳ ತುಂಬಿಕೊಂಡಿದೆ. ಪ್ರವಚನ ಕೇಳಿದಂತೆ ತಲೆ ಬಾಗಿಸಿ ಕೇಳಬೇಕು, ನಡುವೆ ಬಾಯಿ ಹಾಕಲು ಸಂದಿಯೇ ಇಲ್ಲ. ಅದಕ್ಕೇ ಆರನೆಯ ಜಾಗ.

ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ, ‘ಬಿಸ್ಮಿಲ್ಲಾ’. ದಿಲ್ಲಿಯವರು. ಹಳೇ ಹೋಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೂ ಕೇಳದಿದ್ದರೂ ಹಾಡುವವನ ಹಾಗೆ ಸೂರ್ಯಕಾಂತ್ ಸಾಹ್ನಿಯ ದನಿ. ಇಂಗ್ಲಿಷಿನಲ್ಲೇ ಹಾಡಿದರೂ ಹಿಂದಿನ ಟ್ರಂಪೆಟ್ ಇದೆಯಲ್ಲ, ಅದು ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಕಂಪನಿಯದೇ. ‘ಫ್ಲೋಟೆಡ್ ಬೈ’ ಕೇಳುವಾಗ, ಕೆಂಪು ಕೋಟು ಹಾಕಿ ಬಿಸಿಲಲ್ಲಿ ಬೆವರುತ್ತ ಊದುವ ನಮ್ಮ ಕಡೆಯವರು ಕಣ್ಮುಂದೆ ಬಂದರು. ಅವರ ವಾದ್ಯಕ್ಕೆ ಇಷ್ಟು ದುಃಖ ಹೊರುವ ಶಕ್ತಿ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಈ ಆಲ್ಬಮ್ ಸವಾಲು ಹಾಕುವುದಿಲ್ಲ, ಭುಜ ಕುಣಿಸಿ ನಕ್ಕುಬಿಡ್ತದೆ. ಸಂಜೆಯ ಟ್ರೇನಿಗೆ ಸರಿ, ಬೆಳಗಿನ ಟ್ರೇನಿಗೆ ಅಲ್ಲ.

ಪಪ್, ‘ಮಾರ್ಬಿಡ್ ಸ್ಟಫ್’. ಟೊರಾಂಟೊದ ನಾಲ್ವರು. ಬ್ಯಾಂಡ್ ಕಟ್ಟಿ ಕೂತದ್ದನ್ನು ನೋಡಿ ಗಾಯಕನ ಅಜ್ಜಿ, ಇದ್ದ ಯೋಗ್ಯತೆಯನ್ನೆಲ್ಲ ಹೀಗೆ ಹಾಳು ಮಾಡ್ತೀಯಲ್ಲ ಅನ್ನುವ ಅರ್ಥದಲ್ಲಿ ಬೈದಳಂತೆ. ಆ ಬೈಗುಳದ ಮೊದಲ ಅಕ್ಷರಗಳೇ ಬ್ಯಾಂಡಿನ ಹೆಸರು. ನನ್ನ ಅವ್ವನೂ ಹೆಡ್‌ಫೋನ್ ನೋಡಿ ಹೆಚ್ಚುಕಡಿಮೆ ಇದನ್ನೇ ಅಂತಾಳೆ. ಇಡೀ ಆಲ್ಬಮ್ ಮನಸ್ಸಿನ ಖಿನ್ನತೆ ಬಗ್ಗೆ, ಆದರೆ ಕೂಗಿ ಹಾಡಿದ್ದು ನೂರು ಜನ ಸೇರಿ ಹಾಡಲಿ ಅಂತ. ಇವರು ಒಂದು ಒಳ್ಳೆ ಕೆಲಸ ಮಾಡಿದರು: ‘ಫ್ರೀ ಅಟ್ ಲಾಸ್ಟ್’ ಹಾಡಿನ ಸಾಲು ಮತ್ತು ಕಾರ್ಡ್‌ಗಳನ್ನಷ್ಟೇ ಮೊದಲು ಹೊರಗೆ ಬಿಟ್ಟರು. ಹಾಡು ಯಾರೂ ಕೇಳಿರಲಿಲ್ಲ, ಧಾಟಿ ಗೊತ್ತಿರಲಿಲ್ಲ. ನೀವೇ ಹಾಡಿ ಕಳಿಸ್ರಿ ಅಂದರು. ಇನ್ನೂರಕ್ಕೂ ಹೆಚ್ಚು ಜನ ತಮ್ಮ ತಮ್ಮ ಧಾಟಿಯಲ್ಲಿ ಹಾಡಿ ಕಳಿಸಿದರು. ಇದು ನಮ್ಮ ಭಜನಿ ಮೇಳದ ರೀತಿಯೇ ಅಲ್ಲವಾ? ಪದ ಎಲ್ಲರದು, ಮಟ್ಟು ಆ ಊರಿನದು. ದೊಡ್ಡವ್ವನ ಪರೀಕ್ಷೆಯಲ್ಲಿ ಈ ಹಾಡು ಪಾಸು. ಆಲ್ಬಮ್‌ನ ಕೊನೆಯ ಭಾಗ ಮಾತ್ರ ಒಂದೇ ಎತ್ತರದಲ್ಲಿ ಕೂಗಿ ಕೂಗಿ ದಣಿಸ್ತದೆ.

‘ಪರ್ಪಲ್ ಮೌಂಟನ್ಸ್’. ಇಲ್ಲಿ ನನ್ನ ಅಳತೆ ಸೋಲ್ತದೆ, ಮೊದಲೇ ಹೇಳಿಬಿಡ್ತೀನಿ. ಡೇವಿಡ್ ಬರ್ಮನ್ ಹತ್ತು ವರ್ಷ ಸುಮ್ಮನಿದ್ದು, ಜುಲೈ 12ಕ್ಕೆ ಈ ಹೊಸ ಹೆಸರಿನಲ್ಲಿ ಆಲ್ಬಮ್ ತಂದ. ಆಗಸ್ಟ್ 7ಕ್ಕೆ ಜೀವ ಕಳಕೊಂಡ. ವಯಸ್ಸು 52. ಅವತ್ತು ನಾನು ಸಾಲಿಯ ಕಟ್ಟೆ ಮೇಲೆ ಕೂತು ನೀರು ಎಷ್ಟು ಮೆಟ್ಟಿಲು ಏರಿತು ಅಂತ ಎಣಿಸ್ತಿದ್ದೆ, ಸುದ್ದಿ ಗೊತ್ತಾದದ್ದು ವಾರದ ಮೇಲೆ. ಹಾಡುಗಳ ನಡಿಗೆ ಲಘು, ಹಳೇ ಕಂಟ್ರಿ ಹಾಡಿನಂತೆ ಕುಣಿಯುವಂಥದ್ದು. ಮಾತು ಮಾತ್ರ ಒಂದೊಂದೂ ಕಲ್ಲು. ತಾಯಿಯನ್ನು ನೆನೆಯುವ ‘ಐ ಲವ್ಡ್ ಬೀಯಿಂಗ್ ಮೈ ಮದರ್ಸ್ ಸನ್’ ಬಂದಾಗ ಮನೆಯ ಕೆಸರು ಬಳೀತಿದ್ದ ಅವ್ವನ ಮುಖ ನೋಡಲಾಗದೆ ಹಾಡು ನಿಲ್ಲಿಸಿದ್ದೆ. ಆತ ಸವಾಲು ಹಾಕಿ ಜವಾಬಿಗೆ ಕಾಯದೆ ಎದ್ದು ಹೋದ. ಅಂಥ ಆಲ್ಬಮ್‌ಗೆ ನಂಬರ್ ಕೊಡುವುದು ಹೇಗೆ? ಕೊಡುವುದಿಲ್ಲ. ಪಟ್ಟಿಯಲ್ಲಿ ಇರಲಿ, ಅಷ್ಟೇ.

ಫಾಂಟೇನ್ಸ್ ಡಿ.ಸಿ., ‘ಡಾಗರೆಲ್’ ಮತ್ತು ‘ಏಮಿಲ್ ಆ್ಯಂಡ್ ದ ಸ್ನಿಫರ್ಸ್’. ಮೊದಲ ಜಾಗ ಇವೆರಡಕ್ಕೂ ಸೇರಿ. ಒಂದನ್ನು ಬಿಟ್ಟು ಇನ್ನೊಂದನ್ನು ಈಗ ಕೇಳಲು ಆಗುವುದಿಲ್ಲ.

ಫಾಂಟೇನ್ಸ್ ಐರ್ಲೆಂಡಿನ ಡಬ್ಲಿನ್‌ನವರು, ಇದು ಅವರ ಮೊದಲ ಆಲ್ಬಮ್. ಡಾಗರೆಲ್ ಅಂದರೆ ಪಂಡಿತರು ಮೂಗು ಮುರಿಯುವ, ಬೀದಿಯ ಜನ ಕಟ್ಟುವ ಒರಟು ಪದ್ಯ. ಲಾವಣಿಯನ್ನು ನಮ್ಮ ಪಂಡಿತರು ಬಹಳ ಕಾಲ ನೋಡಿದ್ದೂ ಹಾಗೇ. ಗ್ರೀಯನ್ ಚಾಟನ್ ತನ್ನ ಊರಿನ ಉಚ್ಚಾರ ಒಂದಿಷ್ಟೂ ತಿದ್ದದೆ ಹಾಡ್ತಾನೆ. ಇದು ನನಗೆ ಯಾಕೆ ದೊಡ್ಡದು ಅಂತ ಬೆಂಗಳೂರಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಮಾತು ಸಿನಿಮಾದಲ್ಲಿ ಬಂದರೆ ಜನ ನಗಬೇಕು, ಅದಕ್ಕೇ ಇರುವ ಮಾತು ಅದು. ಮರಾಠಿ ಬೆರೆತ ಗಡಿಯ ಕನ್ನಡವಂತೂ ನಗಿಸಲಿಕ್ಕೂ ಸಲ್ಲುವುದಿಲ್ಲ. ‘ಬಾಯ್ಸ್ ಇನ್ ದ ಬೆಟರ್ ಲ್ಯಾಂಡ್’ ಕೇಳಿದಾಗ, ಊರ ಮಾತಲ್ಲೇ ಸಿಟ್ಟು, ಪ್ರೀತಿ, ಕವಿತೆ ಮೂರೂ ಆಗ್ತದೆ ಅಂತ ಯಾರೋ ನನ್ನ ಪರವಾಗಿ ವಾದ ಮಾಡಿದ ಹಾಗಾಯ್ತು. ಕೊನೆಗೆ ‘ಡಬ್ಲಿನ್ ಸಿಟಿ ಸ್ಕೈ’ ಅನ್ನುವ ನಿಧಾನದ ಹಾಡು, ಜಾತ್ರೆ ಮುಗಿದ ಬೆಳಗಿನಂಥದ್ದು.

ಆದರೆ ಐದನೆಯ ಸಲ ಕೇಳುವಾಗ ಒಂದು ಕೊರತೆ ಕಂಡಿತು. ಈ ಊರಿನ ತುಂಬ ಗಂಡುಹುಡುಗರೇ. ಕುಡಿಯುವವರು, ಅಲೆಯುವವರು, ಕನಸು ಕಾಣುವವರು, ಎಲ್ಲ ಅವರೇ. ಬಡತನವನ್ನೂ ಸ್ವಲ್ಪ ಅಲಂಕಾರ ಮಾಡಿ ತೋರಿಸ್ತಾರೆ. ನಾಗೇಶಿಯವರು ಎದುರು ನಿಂತಿದ್ದರೆ ಇಲ್ಲೇ ಹಿಡೀತಿದ್ದರು: ನಿಮ್ಮ ಊರಾಗ ಹೆಂಗಸರು ಎಲ್ಲಿ ಹೋದ್ರಪಾ?

ಜವಾಬು ಮೆಲ್ಬರ್ನ್‌ನಿಂದ ಬಂತು. ಏಮಿ ಟೇಲರ್ ಮತ್ತು ಮೂವರು ಸಂಗಡಿಗರು 2016ರಲ್ಲಿ ತಾವಿದ್ದ ಬಾಡಿಗೆ ಮನೆಯಲ್ಲೇ, ಹನ್ನೆರಡು ತಾಸಿನೊಳಗೆ, ಮೊದಲ ನಾಲ್ಕು ಹಾಡು ರೆಕಾರ್ಡ್ ಮಾಡಿ ಬಿಟ್ಟಿದ್ದವರು. ಈ ವರ್ಷದ ಪೂರ್ಣ ಆಲ್ಬಮ್ ಅರ್ಧ ತಾಸು ಕೂಡ ಇಲ್ಲ. ‘ಗ್ಯಾಕ್ಡ್ ಆನ್ ಆ್ಯಂಗರ್’ ದುಡಿದರೂ ಬಾಡಿಗೆಗೆ ಸಾಲದವಳ ಸಿಟ್ಟು. ಇಲ್ಲಿ ಬಡತನಕ್ಕೆ ಅಲಂಕಾರ ಇಲ್ಲ, ಲೆಕ್ಕ ಇದೆ. ಸೂಕ್ಷ್ಮ ಹುಡುಕುವವರಿಗೆ ಇದು ಸಿಗುವುದಿಲ್ಲ. ಹಾಡಿಂದ ಹಾಡಿಗೆ ಗಿಟಾರ್ ಹೆಚ್ಚು ಬದಲಾಗುವುದೂ ಇಲ್ಲ. ಆದರೆ ಅವಳು ನಿಂತ ಠೀವಿ ದೊಡ್ಡವ್ವನ ಹಳೇ ಕತೆಗಳಲ್ಲಿ ಕೇಳಿದ್ದೇ: ಸೊಂಟದ ಮೇಲೆ ಕೈ, ಎದುರಿನ ಮೇಳದ ಕಣ್ಣಲ್ಲಿ ಕಣ್ಣು. ನವೆಂಬರ್ ಪೂರ್ತಿ ನಾನು ಬೆಳಿಗ್ಗೆ ಡಬ್ಲಿನ್, ಸಂಜೆ ಮೆಲ್ಬರ್ನ್ ಕೇಳಿದೆ. ಇಬ್ಬರೂ ಇದನ್ನು ಎಂದೂ ಯೋಚಿಸಿರಲಿಕ್ಕಿಲ್ಲ, ಆದರೆ ಪ್ಯಾಸೆಂಜರ್ ಟ್ರೇನಿನಲ್ಲಿ ಅವರು ಹರದೇಶಿ–ನಾಗೇಶಿ ಆಡಿದರು.

ಕನ್ನಡದ್ದು ಒಂದೂ ಇಲ್ಲವಲ್ಲ ಅಂತ ನೀವು ಕೇಳ್ತೀರಿ. ಕೇಳಬೇಕು ಕೂಡ. ರಘು ದೀಕ್ಷಿತ್ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರನ್ನು ಗಿಟಾರ್ ಜೊತೆ ಹಾಡಿದಾಗ ನಮ್ಮ ಹಾಸ್ಟೆಲ್‌ನಲ್ಲಿ ಹಬ್ಬ ಮಾಡಿದ್ದೆವು. ಈ ವರ್ಷ ಅಂಥ ಹಬ್ಬ ನನಗೆ ಸಿಗಲಿಲ್ಲ. ಹಾಡುಗಳಿಗೆ ಬರ ಅಂತ ಅಲ್ಲ. ಒಂದು ಕೀಬೋರ್ಡು, ಒಂದು ಮೈಕಿನ ಸಣ್ಣ ಸ್ಟುಡಿಯೋಗಳಲ್ಲಿ ನಮ್ಮ ಹುಡುಗರು ಜಾನಪದ ಧಾಟಿಯ ಹಾಡು ಮಾಡಿ ಮೊಬೈಲಿಗೆ ಬಿಡ್ತಾನೇ ಇದ್ದಾರೆ. ಕಂಪನಿ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಪಂಕ್ ಅಂದರೆ ಇದೇ. ಆದರೆ ಒಂದು ಹಾಡು ಬರ್ತದೆ, ಟ್ರ್ಯಾಕ್ಟರಿನಲ್ಲಿ ಹದಿನೈದು ದಿನ ಬಾರಿಸ್ತದೆ, ಹೋಗ್ತದೆ. ಹತ್ತು ಹಾಡು ಸೇರಿಸಿ ‘ಇದು ನಮ್ಮ ಮಾತು, ಈಗ ನಿಮ್ಮದು ಹೇಳ್ರಿ’ ಅಂತ ಎದುರು ನಿಲ್ಲಿಸುವ ಕೆಲಸ ಆಗಿಲ್ಲ. ಬರ, ಹೊಳೆ, ಚುನಾವಣೆ ಮೂರೂ ಕಂಡ ವರ್ಷದ ಬಗ್ಗೆ ನಮ್ಮಲ್ಲಿ ಒಂದು ಆಲ್ಬಮ್ ಇಲ್ಲ. ಐದು ವರ್ಷ ಬಿಟ್ಟು 2019 ಹೇಗಿತ್ತು ಅಂತ ಕೇಳಿದರೆ ನಾನು ಡಬ್ಲಿನ್ ಹುಡುಗರ ಹಾಡು ಹಾಕಬೇಕಾ?

ದೊಡ್ಡವ್ವನ ಪದಗಳನ್ನು ಅವಳ ತಮ್ಮ ಒಂದು ವಹಿಯಲ್ಲಿ ಬರೆದಿಟ್ಟಿದ್ದ. ಅವಳಿಗೆ ಓದು ಬರುವುದಿಲ್ಲ, ತಮ್ಮನೂ ಈಗಿಲ್ಲ. ನೀರು ಇಳಿದ ಮೇಲೆ ವಹಿ ಟ್ರಂಕಿನಲ್ಲಿ ಸಿಕ್ಕಿತು, ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಂಗಿಯ ಹಾಗಾಗಿತ್ತು. ಮಾಳಗಿ ಮೇಲೆ ಒಣಗಿಸಿ ಬಿಡಿಸಿದೆವು. ಅರ್ಧದಷ್ಟು ಶಾಯಿ ಹೋಗಿದೆ. ದೀಪಾವಳಿ ಆದ ಮೇಲೆ ನಾಲ್ಕು ರವಿವಾರ ಅವಳ ಹತ್ತಿರ ಕೂತು ಹೊಸ ವಹಿಗೆ ಬರಕೊಂಡೆ. ಅವಳು ಸರಾಗ ಹೇಳ್ತಾಳೆ, ಆಮೇಲೆ ಒಂದು ಕಡೆ ತಟ್ಟನೆ ನಿಲ್ತಾಳೆ.

“ಮರ್ತೇನ ದೊಡ್ಡವ್ವಾ?”

“ಮರ್ತಿಲ್ಲೋ. ಇಲ್ಲೆ ಅವ್ರು ಹಾಡಬೇಕು. ಅವ್ರು ಏನಂತಾರ ಅದರ ಮ್ಯಾಲ ನಂದು.”

ಹೊಸ ವಹಿಯಲ್ಲಿ ಅಂಥ ಖಾಲಿ ಜಾಗ ಹನ್ನೊಂದು ಇವೆ. ಫೆಬ್ರವರಿಗೆ ಚಿಂಚಲಿ ಮಾಯಕ್ಕನ ಜಾತ್ರೆ ಬರ್ತದೆ. ನಿಮ್ಮೂರಲ್ಲಿ, ರಾಯಬಾಗ ಕಡೆಯಾಗಲಿ ಅಥಣಿ ಕಡೆಯಾಗಲಿ, ಹಳೇ ಹರದೇಶಿ ಪದ ಬಲ್ಲವರು ಯಾರಾದರೂ ಇದ್ದರೆ ಹೇಳ್ರಿ. ಅವರನ್ನು ಕರಕೊಂಡು ಬರುವ ಗಾಡಿ ಖರ್ಚು ನನ್ನದು, ಮೈಕೂ ನಾನೇ ತರ್ತೀನಿ. ದೊಡ್ಡವ್ವ ಬರ್ತೀನಿ ಅಂದಿದ್ದಾಳೆ, ಆದರೆ ಒಂದು ಷರತ್ತು ಹಾಕಿದ್ದಾಳೆ: ಎದುರಿನವರು ಹಾಡುವುದರಲ್ಲಿ ಸೋಲುವವರಾಗಿರಬಾರದು.