‘ಲೈನು’ ಯಾವ ಡಬ್ಬಿಯ ಪದ? ಗಡಿ ಕನ್ನಡದ ಪದಪಟ್ಟಿಗಳ ಬಗ್ಗೆ ಒಂದು ತಕರಾರು

ಗಡಿನಾಡಿನ ಪದಗಳನ್ನು ಸಂಗ್ರಹಿಸುವಾಗ ನಾವು ಸಾಮಾನ್ಯವಾಗಿ ಮೂರು ಡಬ್ಬಿ ಇಟ್ಟುಕೊಳ್ಳುತ್ತೇವೆ: ದೇಶ್ಯ, ನೆರೆಭಾಷೆಯಿಂದ ಬಂದದ್ದು, ಇಂಗ್ಲಿಷ್. ಮೂರನೆಯದರ ಮುಚ್ಚಳ ತೆಗೆಯುವವರು ಕಡಿಮೆ. ‘ಅವು ಎಲ್ಲಾ ಕಡೆ ಒಂದೇ ಅಲ್ವೆ’ ಎಂಬುದು ಸಮಜಾಯಿಷಿ. ‘ಲೈನು’ ಎಂಬ ಒಂದು ಪದದ ಬೆನ್ನು ಹತ್ತಿದರೆ ಈ ಸಮಜಾಯಿಷಿ ನಿಲ್ಲುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ರೇಶನ್ ಅಂಗಡಿಯ ಮುಂದೆ ‘ಲೈನ್ ಹಚ್ಚಿ ನಿಂದರ್ರಿ’ ಎನ್ನುತ್ತಾರೆ. ನಾಮಪದ ಇಂಗ್ಲಿಷಿನದು, ‘ಹಚ್ಚು’ ಕನ್ನಡದ್ದು, ಕೂಡಿಸಿದ ರೀತಿ ಮರಾಠಿಯ ‘ಲಾಈನ್ ಲಾವಣೆ’ಗೆ ಸರಿಸಮ. (ವಿಜಾಪುರದ ಕಡೆ ‘ಪಾಳಿ ಹಚ್ಚು’ ಇರುವುದರಿಂದ ಇದು ಪೂರಾ ಮರಾಠಿಯದೆಂದು ಹೇಳಲೂ ಬಾರದು.) ‘ಅಂವಾ ಯಾವ ಲೈನಿನ್ಯಾಗ ಅದಾನ?’ ಎಂದರೆ ಮಾತು ಅವನ ಉದ್ಯೋಗದ್ದು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಕೇರಳಕ್ಕೆ ಸೇರಿದ ಮೇಲೆ ಕಚೇರಿಯ, ಬಸ್ಸಿನ ಇಂಗ್ಲಿಷು ಅಲ್ಲಿನವರ ಕಿವಿಗೆ ಹೆಚ್ಚಾಗಿ ಮಲಯಾಳದ ದಾರಿಯಲ್ಲೇ ಬಿತ್ತು. ಮಲಯಾಳದಲ್ಲಿ ಸಾಲು ‘ಕ್ಯೂ’. ಗೊತ್ತಾದ ರೂಟಿನಲ್ಲಿ ಓಡುವ ಬಸ್ಸು ‘ಲೈನ್ ಬಸ್’. ಇಬ್ಬರು ‘ಲೈನ್’ ಎಂದರೆ ಪರಸ್ಪರ ಪ್ರೀತಿಸುತ್ತಾರೆ ಎಂದರ್ಥ. ಮೈಸೂರು ಕಡೆಯ ‘ಲೈನ್ ಹೊಡಿಯೋದು’ ಹುಡುಗನ ಏಕಪಕ್ಷೀಯ ಚೇಷ್ಟೆ. ತಮಿಳಿನ ‘ಲೈನ್ ಅಡಿ’ಯೂ ಹಾಗೆಯೇ. ಆದ್ದರಿಂದ ಹೊಸೂರು, ತಾಳವಾಡಿಯವರಿಗೆ ಇಲ್ಲಿ ತೊಡಕಿಲ್ಲ. ಮಲಯಾಳದ ನಡುವೆ ಬೆಳೆದವನೊಬ್ಬ ಮೈಸೂರಿಗೆ ಬಂದು ಯಾವುದೋ ಮನೆಯ ಹೆಣ್ಣುಮಗಳ ಹೆಸರಿನ ಜೊತೆ ಆ ಪದ ಸೇರಿಸಿದರೆ, ‘ಎರಡೂ ಇಂಗ್ಲಿಷೇ ಕಣ್ರಿ’ ಎಂದು ಬಿಡಿಸಿಕೊಳ್ಳಲಾಗದು.

ತೋಟಗಳ ಕಡೆ ವಿಷಯ ಇನ್ನೂ ಗೋಜಲು. ಕೊಡಗಿನಲ್ಲಿ ಕೂಲಿಗಳ ಸಾಲುಮನೆಗೆ ‘ಲೈನ್ ಮನೆ’. ವಯನಾಡಿನಲ್ಲಿ ‘ಪಾಡಿ’. ಮಲಯಾಳ, ತಮಿಳಿನ ಎಸ್ಟೇಟುಗಳಲ್ಲಿ ‘ಲಯಂ’. ಇದು ಆ ಇಂಗ್ಲಿಷಿನ ‘ಲೈನ್ಸ್’ ಸವೆದು ಆದ ರೂಪವೆಂದೇ ನನಗೆ ತೋರುತ್ತದೆ. ‘ಲಯಂ’ ಕೇಳಿದ ಸಂಗ್ರಾಹಕ ಅದನ್ನು ‘ಆಲಯ’ದ ಬಂಧುವೆಂದು ಬಗೆದು ಸಂಸ್ಕೃತಕ್ಕೆ ಬರೆದುಬಿಡಬಹುದು. ಒಂದೇ ಸೂರಿನಡಿ, ನಡುಗೋಡೆಯ ಆಚೀಚೆ ಕುಟುಂಬಗಳನ್ನು ತುಂಬಿದ ಜಾಗಕ್ಕೆ ಆಲಯದ ಗೌರವ!

ಪರರನ್ನು ಅಂದು ಪ್ರಯೋಜನವಿಲ್ಲ. ನನ್ನದೇ ಹಳೆಯ ನೋಟ್‌ಬುಕ್ಕಿನಲ್ಲಿ ‘ಲೈನು’ ಪಕ್ಕ ‘ಇಂ.’ ಎಂದಷ್ಟೇ ಇದೆ. ಯಾವ ಊರು, ಯಾರು ಆಡಿದರು, ಜೊತೆಗೆ ಯಾವ ಕ್ರಿಯಾಪದ ಬಂತು, ಒಂದನ್ನೂ ಬರೆದಿಲ್ಲ.