ಲಿನ್‌ಸ್ಕೋಟನ್ ಕಂಡ ‘ಕನರೀನ’ ಸ್ತ್ರೀ: ಚಿತ್ರ ಮತ್ತು ಬರಹ

ಪೂರ್ವದೇಶಗಳ ಗ್ರಾಮಸ್ತ್ರೀಯರನ್ನು ಚಿತ್ರಿಸಿದ ಐರೋಪ್ಯ ಕಲಾವಿದರ ಮಾತು ಬಂದಾಗ ರಸಿಕರ ಮನಸ್ಸು ಬಾಲಿ ದ್ವೀಪದತ್ತ ಹರಿಯುವುದು ಸಹಜ. 1904ರಲ್ಲಿ ಅಲ್ಲಿಗೆ ಮೊದಲ ಬಾರಿ ಹೋದ ಡಚ್ ಕಲಾವಿದ ನ್ಯೂವೆನ್‌ಕಾಂಪ್, 1932ರಲ್ಲಿ ಹೋಗಿ ನೆಲೆಸಿದ ಬೆಲ್ಜಿಯಂನ ಲ ಮೇಯರ್ ಮೊದಲಾದವರ ಕೃತಿಗಳು ಲೋಕಪ್ರಸಿದ್ಧವಾಗಿವೆ. ಆದರೆ ಇವರಿಗಿಂತ ಮೂರು ಶತಮಾನಗಳಿಗೂ ಹಿಂದೆ, ನಮ್ಮ ಖಾನಾಪುರದ ಘಟ್ಟದ ಕೆಳಗೆಯೇ, ಒಬ್ಬ ಡಚ್ ತರುಣನು ಹಳ್ಳಿಯ ಹೆಣ್ಣುಮಕ್ಕಳನ್ನು ಕಂಡು ಬರೆದಿಟ್ಟನೆಂಬುದರ ಕಡೆಗೆ ನಮ್ಮ ವಿದ್ಯಾರ್ಥಿಗಳ ಲಕ್ಷ್ಯ ಅಷ್ಟಾಗಿ ಹೋಗಿಲ್ಲ. ಆತನೇ ಯಾನ್ ಹುಯ್ಗೆನ್ ವಾನ್ ಲಿನ್‌ಸ್ಕೋಟನ್. ಆತನ ನೌಕಾಮಾರ್ಗದರ್ಶಿಯ ನೆರವಿನಿಂದ ಹೊರಟ ಮೊದಲನೆಯ ಡಚ್ ನೌಕಾಪಡೆಯೇ 1597ರಲ್ಲಿ ಬಾಲಿಯನ್ನು ಮುಟ್ಟಿತೆಂಬುದನ್ನು ನೆನೆದರೆ, ಎರಡು ಕಥೆಗಳೂ ಒಂದೇ ಎಳೆಗೆ ಸೇರಿದವೆಂದು ತಿಳಿಯುವುದು.

ಲಿನ್‌ಸ್ಕೋಟನ್ ವೃತ್ತಿಯಿಂದ ಚಿತ್ರಕಾರನಲ್ಲ. ಗೋವೆಯ ಆರ್ಚ್‌ಬಿಷಪ್ಪರ ಪರಿವಾರದಲ್ಲಿ ಕರಣಿಕನಾಗಿ 1583ರಲ್ಲಿ ಬಂದು ಐದು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿದ್ದನು. ಆಗ ಘಟ್ಟದ ಮೇಲಿನ ಸೀಮೆ ಬಿಜಾಪುರದ ಎರಡನೆಯ ಇಬ್ರಾಹೀಮ ಆದಿಲಶಾಹನ ಆಳಿಕೆಯಲ್ಲಿತ್ತು. ಆತನು ವಾಸಿಸಿದ ನಗರದ ಮಗ್ಗುಲಲ್ಲಿ ಹರಿಯುವ ಮಾಂಡವಿಯು ನಮ್ಮ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಆಗಿದೆ. ಸ್ವದೇಶಕ್ಕೆ ಮರಳಿದ ಮೇಲೆ 1596ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಆತನ ‘ಇಟಿನೆರಾರಿಯೊ’ ಪ್ರಕಟವಾಯಿತು. ಅದರಲ್ಲಿಯ ಚಿತ್ರಗಳನ್ನು ಆತನ ರೇಖೆಗಳ ಆಧಾರದಿಂದ ತಾಮ್ರಫಲಕದ ಮೇಲೆ ಕೆತ್ತಿದವರು ದೂಟೆಕುಂ ಮನೆತನದ ಕುಶಲಿಗಳು. ಅವರು ಹಿಂದೂಸ್ಥಾನವನ್ನು ಕಂಡವರಲ್ಲ.

ಈ ಫಲಕಗಳಲ್ಲಿ ‘ಕನರೀನ’ರೆಂಬ ಹೆಸರಿನ ರೈತ ಮತ್ತು ಆತನ ಹೆಂಡತಿಯ ಆಕೃತಿಗಳಿವೆ. ಪ್ರಸ್ತುತ ಲೇಖನದ ವಿಚಾರವು ಇವುಗಳಿಗೆ ಸೀಮಿತವಾದುದು. ನಾವೇ ಕೆಲವು ವರ್ಷ ತರಗತಿಯಲ್ಲಿ ಇದನ್ನು ಹದಿನಾರನೆಯ ಶತಮಾನದ ಕನ್ನಡ ರೈತಮಹಿಳೆಯ ಚಿತ್ರವೆಂದು ತೋರಿಸುತ್ತ ಬಂದಿದ್ದೆವು. ಒಮ್ಮೆ ಕಾಡಂಚಿನ ಊರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು, “ಸರ್, ಈಕೆ ಏನು ಮಾಡಾಕತ್ತಾಳ?” ಎಂದು ಕೇಳಿದಳು. ನಿಂತಿದ್ದಾಳೆಂದಲ್ಲದೆ ಬೇರೆ ಉತ್ತರ ನಮಗೆ ಹೊಳೆಯಲಿಲ್ಲ. ಆ ಪ್ರಶ್ನೆಯೇ ನಮ್ಮ ಎರಡು ತಪ್ಪುಗಳನ್ನು ನಮಗೆ ತೋರಿಸಿಕೊಟ್ಟಿತು.

ಮೊದಲನೆಯದು ಹೆಸರಿನದು. ‘ಕನರೀನ’ ಎಂಬುದನ್ನು ‘ಕನ್ನಡಿಗ’ ಎಂದು ಓದುವ ಆಸೆ ಗಡಿನಾಡಿನಲ್ಲಿರುವ ನಮಗೆ ಬಲವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಪೋರ್ತುಗೀಜರು ಗೋವೆಯ ಸ್ಥಳೀಯ ಜನರನ್ನೂ ಅವರ ನುಡಿಯನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದರು. 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ‘ಕನರೀಂ’ ಭಾಷೆಯ ವ್ಯಾಕರಣವು ವಾಸ್ತವವಾಗಿ ಕೊಂಕಣಿಯ ವ್ಯಾಕರಣ. ಲಿನ್‌ಸ್ಕೋಟನ್ ಕೂಡ ‘ಬಾಲಾಘಾಟ’ದಿಂದ ಬಂದು ಗೋವೆಯಲ್ಲಿ ಅಂಗಡಿಯಿಟ್ಟ ಕನರ ಮತ್ತು ದಖನಿ ವರ್ತಕರನ್ನು ಒಂದೆಡೆ ವರ್ಣಿಸಿ, ಕಡಲಂಚಿನಲ್ಲಿ ಬತ್ತ ಬೆಳೆಯುವ ‘ಕನರೀನ’ ಮತ್ತು ‘ಕೊರುಂಬೀನ’ರನ್ನು ಬೇರೆಯಾಗಿ ವರ್ಣಿಸಿದ್ದಾನೆ. ಕೊರುಂಬೀನರೆಂದರೆ ಕುಣಬಿಗಳು, ನಮ್ಮ ನೆರೆಯ ಜೋಯ್ಡಾದ ಕಾಡುಗಳಲ್ಲಿ ಇಂದಿಗೂ ಬಾಳುತ್ತಿರುವ ಜನ. ಗೋವೆಗೂ ಕನ್ನಡಕ್ಕೂ ಇದ್ದ ನಂಟಿಗೆ ಗೋವೆಯ ಕದಂಬರ ಶಾಸನಗಳಂತಹ ಗಟ್ಟಿ ಆಧಾರಗಳಿರುವಾಗ, ಡಚ್ ಫಲಕವೊಂದರ ಮೇಲಿನ ಹೆಸರನ್ನು ಅವುಗಳ ಸಾಲಿಗೆ ಎಳೆದು ತರುವುದು ಸಲ್ಲದು.

ಎರಡನೆಯದು ಚಿತ್ರದ ಸ್ವರೂಪವನ್ನು ಕುರಿತದ್ದು. ಫಲಕದ ಆಕೃತಿಗಳು ಉಡುಪನ್ನು ತೋರಿಸಲು ನಿಂತವು. ಅವುಗಳ ಮೈಕಟ್ಟು, ನಿಲುವು ಯುರೋಪಿನ ಶಿಲ್ಪದವು. ಬರಹವಾದರೋ ಇದೇ ಜನರನ್ನು ಅರೆಹೊಟ್ಟೆಯಲ್ಲಿ ಬಾಳುವ ಕಡುಬಡವರೆಂದು ಹೇಳುತ್ತದೆ. ಬಗ್ಗಿ ನುಸುಳಬೇಕಾದ ಬಾಗಿಲಿನ ಹುಲ್ಲುಮನೆ, ಮಲಗಲು ಒಂದು ಚಾಪೆ, ಬತ್ತ ಕುಟ್ಟಲು ನೆಲದೊರಳು, ಬೇಯಿಸಲು ಒಂದೆರಡು ಮಡಕೆ: ಇಷ್ಟೇ ಅವರ ಒಡವೆ. ಕೋಳಿ, ಹಣ್ಣು, ಹಾಲು, ಮೊಟ್ಟೆಗಳನ್ನು ಅವರು ಪೇಟೆಗೆ ತಂದು ಮಾರುತ್ತಿದ್ದರೆಂದೂ ಆತನು ಹೇಳುತ್ತಾನೆ. ನಿಂತ ಆಕೃತಿಯಲ್ಲಿ ಇದಾವುದೂ ಕಾಣದು.

ಬರಹದ ಒಂದು ಪ್ರಸಂಗವಂತೂ ಮರೆಯಲಾರದ್ದು. ಗೆಳೆಯರೊಡನೆ ಹೊಲಗಳಲ್ಲಿ ಅಲೆಯುತ್ತಿದ್ದ ಲಿನ್‌ಸ್ಕೋಟನ್ ಬಾಯಾರಿ ಒಂದು ಗುಡಿಸಲೊಳಗೆ ತಲೆಹಾಕಿ ನೀರು ಕೇಳುತ್ತಾನೆ. ಒಳಗೆ ಒಬ್ಬಳೇ ಹೆಂಗಸು. ಆಗತಾನೆ, ಯಾರ ನೆರವೂ ಇಲ್ಲದೆ ಹೆತ್ತ ಕೂಸನ್ನು ಮರಿಗೆಯ ನೀರಿನಲ್ಲಿ ತೊಳೆಯುತ್ತಿದ್ದಾಳೆ. ತೊಳೆದು, ಎಲೆಯ ಮೇಲೆ ಮಲಗಿಸಿ, ತುಸು ತಾಳಿದರೆ ನೀರು ಕೊಡುವೆನೆನ್ನುತ್ತಾಳೆ. ಹಳೆಯ ಆಂಗ್ಲ ಅನುವಾದವು ಅದನ್ನು ‘ಇಂಡಿಯದ ಅಂಜೂರದ ಎಲೆ’ ಎನ್ನುವುದು. ಆ ಕಾಲದಲ್ಲಿ ಬಾಳೆಗೆ ಆ ಹೆಸರಿತ್ತು. ವಿಷಯ ತಿಳಿದ ಅತಿಥಿಗೆ ಆಕೆಯ ನೀರು ಬೇಡವಾಗಿ ಬೇರೆ ಮನೆಗೆ ಹೋಗುತ್ತಾನೆ. ಅನಂತರ ಆಕೆ ಏನೂ ಆಗದವಳಂತೆ ಮನೆಗೆಲಸದಲ್ಲಿ ತೊಡಗಿದುದನ್ನು ಕಂಡು ಬೆರಗಾಗುತ್ತಾನೆ.

ಪುರುಡನ್ನು ಬಲ್ಲ ನಾಡಿನವಳು ನೀರು ಕೊಡಲು ಒಪ್ಪಿದಳು. ಪುರುಡನ್ನು ಅರಿಯದ ನಾಡಿನವನು ನಿರಾಕರಿಸಿದನು. ಈ ಸೋಜಿಗವು ಲೇಖಕನ ಗಮನಕ್ಕೆ ಬಂದಂತಿಲ್ಲ. ಗಂಡಂದಿರು ಹೊಲದಲ್ಲಿರುವಾಗಲೇ ಈ ಹೆಂಗಸರು ಒಬ್ಬರೇ ಹೆರುವುದು ವಾಡಿಕೆಯೆಂದು ಆತನೇ ಬರೆಯುತ್ತಾನೆ. ಆದರೆ ಹೆತ್ತೊಡನೆ ಏಳುವುದಕ್ಕೆ ಕಾರಣ ದೇಹದ ಬಲವಲ್ಲ, ಬಡತನದ ಬಲವಂತ ಎಂಬುದನ್ನು ಆತನು ಊಹಿಸಲಿಲ್ಲ. ಹೀಗೆ ಬರಹವೂ ನಿರ್ದೋಷವಲ್ಲ. ಆದರೂ ತಾನು ಹಿಂಜರಿದುದನ್ನು ಆತನು ಮುಚ್ಚಿಡಲಿಲ್ಲವಾದುದರಿಂದಲೇ ಆ ಹೆಂಗಸು ನಮಗೆ ದೊರಕಿದ್ದಾಳೆ.

ಲ ಮೇಯರನ ಬಾಲಿಯ ಚಿತ್ರಗಳಲ್ಲಿ ಸ್ತ್ರೀಯರು ಹೂದೋಟದ ಬೆಳಕಿನಲ್ಲಿ ಚಿರಯೌವನೆಯರಾಗಿ ಉಳಿದುದನ್ನು ನೋಡಿದಾಗಲೂ ಇದೇ ವಿವೇಕ ಬೇಕು. ಚಿತ್ರದ ಚೆಲುವು ಬೇರೆ, ಬಾಳಿನ ಸಾಕ್ಷ್ಯ ಬೇರೆ. ಫಲಕವನ್ನು ತಿರಸ್ಕರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಉಡುಪು ಮತ್ತು ಐರೋಪ್ಯ ದೃಷ್ಟಿಗಳ ಚರಿತ್ರೆಗೆ ಅದು ಅಮೂಲ್ಯ ಆಕರ. ಆದರೆ ಪಠ್ಯಪುಸ್ತಕಗಳಲ್ಲಿ ಅದನ್ನು ಬರಹದಿಂದ ಬೇರ್ಪಡಿಸಿ, ತಮಗೆ ಬೇಕಾದ ಹೆಸರನ್ನಿಟ್ಟು ಅಚ್ಚುಹಾಕುವುದು ಇತಿಹಾಸಕ್ಕೆ ಮಾಡುವ ಅಪಚಾರ.

ಈಗ ನಾವು ತರಗತಿಯಲ್ಲಿ ಫಲಕವನ್ನು ತೋರಿಸಿ, ಅದರೊಡನೆ ನೀರಿನ ಪ್ರಸಂಗವನ್ನೂ ಓದಿಸುತ್ತೇವೆ. ಆ ಸ್ತ್ರೀ ಕನ್ನಡತಿಯೋ ಕೊಂಕಣಿಯೋ ಎಂಬ ವಾದವು ಅಷ್ಟರಲ್ಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಆಕೆ ಏನು ಮಾಡುತ್ತಿದ್ದಳೆಂಬ ಪ್ರಶ್ನೆಗೆ ಮಾತ್ರ ಉತ್ತರ ದೊರೆಯುತ್ತದೆ: ಕೂಸನ್ನು ತೊಳೆಯುತ್ತಿದ್ದಳು, ಬಾಯಾರಿ ಬಂದವನಿಗೆ ನೀರು ಕೊಡಲಿದ್ದಳು.