ಇಬ್ಬಂದಿ ಸ್ಪರ್ಧೆಯಲ್ಲಿ ಮೊಳಕಾಲ್ಮೂರಿನ ಪಾಲು

2018ರ ವಿಧಾನಸಭಾ ಚುನಾವಣೆಯ ಮೇ 15ರ ಮತ ಎಣಿಕೆಯಲ್ಲಿ ಮೊಳಕಾಲ್ಮೂರಿನ ಮಟ್ಟಿಗೆ ಕುತೂಹಲವೇನೂ ಉಳಿದಿರಲಿಲ್ಲ. ಬಿಜೆಪಿಯ ಬಿ. ಶ್ರೀರಾಮುಲು 42 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆದರೆ ಅವರು ಈ ಕ್ಷೇತ್ರದಲ್ಲೇ ಉಳಿಯುತ್ತಾರೆಂಬುದು ಖಚಿತವಾದದ್ದು ಅವರು ನಿಂತಿದ್ದ ಇನ್ನೊಂದು ಕ್ಷೇತ್ರ ಬಾದಾಮಿಯ ಫಲಿತಾಂಶ ಬಂದ ಮೇಲೆ. ಅಲ್ಲಿ ಸಿದ್ದರಾಮಯ್ಯನವರ ಎದುರು ಅವರು ಸೋತದ್ದು ಬರೀ 1,696 ಮತಗಳಿಂದ. ಬಾದಾಮಿಯ ಒಂಬೈನೂರು ಮತದಾರರು ಅತ್ತಿಂದಿತ್ತ ವಾಲಿದ್ದರೂ ಸಾಕಿತ್ತು, ಎರಡರಲ್ಲಿ ಒಂದು ಕ್ಷೇತ್ರಕ್ಕೆ ಮತ್ತೆ ಚುನಾವಣೆ ಬರುತ್ತಿತ್ತು. ಮೊಳಕಾಲ್ಮೂರು ಕ್ಷೇತ್ರದ ನಾಯಕನಹಟ್ಟಿ, ತಳಕಿನ ಜನ ಒತ್ತಿದ ಮತಕ್ಕೆ ಬೆಲೆ ಬರುವುದೋ ಇಲ್ಲವೋ ಎಂಬುದನ್ನು ಅವರು ಕಾಣದ ಊರಿನ ಮತಪೆಟ್ಟಿಗೆ ತೀರ್ಮಾನಿಸುವುದು ಯಾವ ನ್ಯಾಯ? ಒಬ್ಬರೇ ಎರಡು ಕಡೆ ನಿಲ್ಲುವ ಈ ಪದ್ಧತಿಯನ್ನು ಕೈಬಿಡಬೇಕು ಎನ್ನಲು ನನಗೆ ಇದೇ ಮುಖ್ಯ ಕಾರಣ.

ಈ ದೋಷ ಎದ್ದು ಕಾಣುವುದು ಬಲಾಬಲ ಸಮಸಮವಾಗಿದ್ದಾಗ. ಪುಟ್ಟ ದ್ವೀಪರಾಷ್ಟ್ರ ಸಮೋವಾದಲ್ಲಿ 2021ರ ಏಪ್ರಿಲ್ ಚುನಾವಣೆಯಲ್ಲಿ ಎರಡು ಪಕ್ಷಗಳಿಗೂ 25-25 ಸ್ಥಾನ ಬಂದು, ಒಬ್ಬ ಪಕ್ಷೇತರ ಸದಸ್ಯನ ಮೇಲೆ ಇಡೀ ಸರ್ಕಾರ ನಿಂತಿತು. ನಮ್ಮ 2018ರ ಅತಂತ್ರ ವಿಧಾನಸಭೆಯಲ್ಲೂ ಒಂದೊಂದು ತಲೆಯನ್ನು ಲೆಕ್ಕ ಹಾಕಲಾಗುತ್ತಿತ್ತು. ಅಂಥ ಹೊತ್ತಿನಲ್ಲೂ ರಾಮನಗರ, ಚನ್ನಪಟ್ಟಣ ಎರಡನ್ನೂ ಗೆದ್ದಿದ್ದ ಎಚ್.ಡಿ. ಕುಮಾರಸ್ವಾಮಿಯವರಿಗೆ ಸದನದಲ್ಲಿದ್ದದ್ದು ಒಂದೇ ಮತ. ಅವರು ಬಿಟ್ಟುಕೊಟ್ಟ ರಾಮನಗರದ ಜನ ನವೆಂಬರ್‌ನಲ್ಲಿ ಮತ್ತೆ ಮತಗಟ್ಟೆಗೆ ಬರಬೇಕಾಯಿತು. ಆಗ ಗೆದ್ದವರು ಅವರ ಪತ್ನಿ ಅನಿತಾ. ಮತದಾನಕ್ಕೆ ಎರಡು ದಿನವಿದ್ದಾಗ ಬಿಜೆಪಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದಿದ್ದರಿಂದ ಆಯ್ಕೆಗೂ ಅರ್ಥ ಉಳಿಯಲಿಲ್ಲ.

ಕಾನೂನು ಒಪ್ಪಿದೆಯಲ್ಲ ಎನ್ನುವವರಿದ್ದಾರೆ. ನಿಜ, 1996ರ ತಿದ್ದುಪಡಿ ಎರಡು ಕ್ಷೇತ್ರಗಳ ಮಿತಿ ಹಾಕಿತೇ ಹೊರತು ಪದ್ಧತಿಯನ್ನು ನಿಲ್ಲಿಸಲಿಲ್ಲ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದಿತು. ಆದರೆ ಕೋರ್ಟು ತಡೆಯದೆ ಬಿಟ್ಟದ್ದನ್ನು ಮತದಾರ ಒಪ್ಪಿಕೊಳ್ಳಬೇಕೆಂದೇನಿಲ್ಲ. ಇದನ್ನು ನಿಷೇಧಿಸಬೇಕು, ಇಲ್ಲವೇ ಸ್ಥಾನ ಬಿಟ್ಟವರಿಂದ ವಿಧಾನಸಭೆಯ ಉಪಚುನಾವಣೆಗೆ 5 ಲಕ್ಷ ರೂಪಾಯಿ ಕಟ್ಟಿಸಿಕೊಳ್ಳಬೇಕು ಎಂದು ಚುನಾವಣಾ ಆಯೋಗ 2004ರಲ್ಲೇ ಹೇಳಿತ್ತು. ಇದರಲ್ಲಿ ಮೊದಲನೆಯದೇ ಸರಿ. ದುಡ್ಡು ಕಟ್ಟಿದ ಮಾತ್ರಕ್ಕೆ ಜನರ ತೀರ್ಪು ಮರಳಿ ಬರುವುದಿಲ್ಲ.

ದೊಡ್ಡ ನಾಯಕ ಬಂದರೆ ಹಿಂದುಳಿದ ಸೀಮೆಗೆ ಕೆಲಸವಾಗುತ್ತದೆ, 42 ಸಾವಿರದ ಅಂತರವೇ ಜನರ ಒಪ್ಪಿಗೆಯಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ವಾದ. ಆ ಒಪ್ಪಿಗೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಒಪ್ಪಿದ ಜನರಿಗೆ ಸಿಕ್ಕಿದ್ದೇನು? 2018ರಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಅಂದಿನ ಶಾಸಕ ಎಸ್. ತಿಪ್ಪೇಸ್ವಾಮಿ ಬಂಡಾಯವೆದ್ದರು. 2023ರಲ್ಲಿ ಶ್ರೀರಾಮುಲು ಬಳ್ಳಾರಿ ಗ್ರಾಮಾಂತರಕ್ಕೆ ಹೋದರು, ಟಿಕೆಟ್ ಮತ್ತೆ ತಿಪ್ಪೇಸ್ವಾಮಿಯವರಿಗೇ ಬಂತು. ಗೆದ್ದದ್ದು ಕಾಂಗ್ರೆಸ್‌ನ ಎನ್.ವೈ. ಗೋಪಾಲಕೃಷ್ಣ. ಪಕ್ಕದ ಚಳ್ಳಕೆರೆಯಲ್ಲಿ 2013ರಿಂದ ಮೂರು ಸಲವೂ ಟಿ. ರಘುಮೂರ್ತಿಯವರೇ ಗೆದ್ದಿದ್ದಾರೆ. ಅವರ ಕೆಲಸ ಮೆಚ್ಚಿದರೂ ಬೈದರೂ ಅಲ್ಲಿನವರಿಗೆ ಕೇಳಲು ಒಂದು ಬಾಗಿಲಿದೆ. ತಾಲ್ಲೂಕು ಚಳ್ಳಕೆರೆ, ಕ್ಷೇತ್ರ ಮೊಳಕಾಲ್ಮೂರು ಎಂದು ಮೊದಲೇ ಎರಡು ಕಡೆ ಓಡಾಡುವ ನಾಯಕನಹಟ್ಟಿಯ ರೈತನಿಗೆ, ತನ್ನ ಶಾಸಕ ಇನ್ನೊಂದು ಕ್ಷೇತ್ರಕ್ಕೂ ಅರ್ಜಿ ಹಾಕಿರಬಾರದು ಎಂದು ಕೇಳುವ ಹಕ್ಕಿದೆ. ಸಂಸತ್ತು ಜನಪ್ರತಿನಿಧಿ ಕಾಯ್ದೆಯ 33(7)ನೇ ಉಪವಿಧಿಯಲ್ಲಿ ಎರಡನ್ನು ಒಂದಕ್ಕೆ ಇಳಿಸಿದರೆ ಅಷ್ಟು ಸಾಕು.